ಬ್ಯಾಟರಿ ಹೊಸದು, ಆದರೂ ಪಿಕಪ್ ‘ಟಕ್’ ಎಂದು ನಿಲ್ಲುತ್ತದೆ: ಸೆಲ್ಫ್ ಮೋಟಾರ್ ಬದಲಿಸಬೇಕೇ?

ಶ್ರೀನಿವಾಸಪುರದ ಬೆಳೆಗಾರ:
ನಮ್ಮದು 2012ರ ಮಾದರಿಯ, ಎರಡೂವರೆ ಲೀಟರ್ ಡೀಸೆಲ್ ಎಂಜಿನ್ನಿನ ಪಿಕಪ್. ಕೋಲಾರದ ಎಪಿಎಂಸಿಗೆ ಟೊಮೆಟೊ ಸಾಗಿಸುವುದು, ಬೇಸಿಗೆಯ ಕೊನೆಯಲ್ಲಿ ಮಾವು ಸಾಗಿಸುವುದು ಇದರ ಕೆಲಸ. ಕೆಲವು ವಾರಗಳಿಂದ ಕೀ ತಿರುಗಿಸಿದರೆ ಬಾನೆಟ್ ಕೆಳಗಿನಿಂದ ‘ಟಕ್’ ಎಂಬ ಒಂದೇ ಸದ್ದು ಬರುತ್ತದೆ, ಎಂಜಿನ್ ಅಲುಗುವುದಿಲ್ಲ. ಕೆಲವೊಮ್ಮೆ ‘ಕಟಕಟಕಟ’ ಎನ್ನುತ್ತದೆ. ಮತ್ತೆ ಕೆಲವೊಮ್ಮೆ ಏನೂ ಆಗಿಯೇ ಇಲ್ಲವೆಂಬಂತೆ ಮೊದಲ ಸಲಕ್ಕೇ ಸ್ಟಾರ್ಟ್ ಆಗುತ್ತದೆ. ಎಂಜಿನ್ ಬಿಸಿಯಾಗಿದ್ದಾಗ, ಅಂದರೆ ಮಂಡಿಯಲ್ಲಿ ಸರಕು ಇಳಿಸಿ ವಾಪಸು ಹೊರಡುವಾಗ, ಕಾಟ ಜಾಸ್ತಿ.

ಮೊದಲು ಬ್ಯಾಟರಿ ಅಂಗಡಿಯವರು ‘ಬ್ಯಾಟರಿ ಸತ್ತಿದೆ’ ಎಂದರು. ಹೊಸದು ಹಾಕಿಸಿದೆ. ಒಂದು ವಾರ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಈಗ ಗ್ಯಾರೇಜಿನವರು ‘ಸೆಲ್ಫ್ ಹೋಗಿದೆ, ರಿಪೇರಿ ಬೇಡ, ಪೂರ್ತಿ ಹೊಸದೇ ಹಾಕೋಣ’ ಎನ್ನುತ್ತಿದ್ದಾರೆ. ತಳ್ಳಿ ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ತಕ್ಷಣ ಸ್ಟಾರ್ಟ್ ಆಗುತ್ತದೆ. ಆದರೆ ಹದಿನೈದು ಕಿಲೋ ಕ್ರೇಟುಗಳನ್ನು ತಲೆಯವರೆಗೆ ಪೇರಿಸಿದ ಗಾಡಿಯನ್ನು ಬೆಳಗಿನ ಜಾವದಲ್ಲಿ ಯಾರು ತಳ್ಳುತ್ತಾರೆ? ಹರಾಜಿನ ಹೊತ್ತಿಗೆ ತಲುಪದಿದ್ದರೆ ಆ ದಿನದ ದರ ಕೈತಪ್ಪುತ್ತದೆ. ಮತ್ತೆ ಹಣ ಸುರಿಯುವ ಮುಂಚೆ ತಿಳಿದವರನ್ನು ಕೇಳೋಣವೆಂದು ಬರೆಯುತ್ತಿದ್ದೇನೆ.

ಹಾಸನದ ಚಾಲಕ:
‘ಕಟಕಟ’ ಎಂದರೆ ಬ್ಯಾಟರಿಯೇ. ಹೊಸ ಬ್ಯಾಟರಿಯಲ್ಲೂ ಒಂದು ಸೆಲ್ ಕೈಕೊಟ್ಟಿರುತ್ತದೆ, ನಾನು ಕಣ್ಣಾರೆ ಕಂಡಿದ್ದೇನೆ. ವಾರಂಟಿ ಇದೆಯಲ್ಲ, ಅಂಗಡಿಗೆ ಹೋಗಿ ಗಟ್ಟಿಯಾಗಿ ಕೇಳಿ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಅದನ್ನೂ ತೆಗೆಯಿರಿ.

ತುಮಕೂರಿನ ಆಟೋ ಎಲೆಕ್ಟ್ರಿಷಿಯನ್:
ದಯವಿಟ್ಟು ಇನ್ನೊಂದು ಬಿಡಿಭಾಗವನ್ನು ಬದಲಿಸಬೇಡಿ, ಅಳತೆ ಮಾಡದೆ ಯಾರಿಗೂ ಬದಲಿಸಲು ಬಿಡಬೇಡಿ. ಈ ದೂರನ್ನು ಇಟ್ಟುಕೊಂಡು ನಮ್ಮ ಅಂಗಡಿಗೆ ಬರುವ ಗಾಡಿಗಳಲ್ಲಿ ಎಷ್ಟೋ ಗಾಡಿಗಳ ಸೆಲ್ಫ್ ಮೋಟಾರ್ ಗಟ್ಟಿಮುಟ್ಟಾಗಿರುತ್ತದೆ. ಒಳ್ಳೆಯ ಮೋಟಾರನ್ನು ಬಿಚ್ಚಿ ಬದಿಗಿಟ್ಟು ಹೊಸದು ಹಾಕಿಸಿಕೊಂಡು, ಆಮೇಲೂ ಗಾಡಿ ನಿಂತಾಗ ಬರುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದು ಅವರ ಒಂದು ತಿಂಗಳ ದುಡಿಮೆ.

ಸದ್ದು ಅರ್ಧ ವಿಷಯ ಹೇಳುತ್ತದೆ. ಉಳಿದರ್ಧವನ್ನು ಹೆಡ್‌ಲೈಟ್ ಹೇಳುತ್ತದೆ. ಕತ್ತಲೆಯಲ್ಲಿ ಗೋಡೆಯ ಎದುರು ಗಾಡಿ ನಿಲ್ಲಿಸಿ, ಹೆಡ್‌ಲೈಟ್ ಹಾಕಿ, ಕೀ ತಿರುಗಿಸಿ, ಗೋಡೆಯ ಮೇಲಿನ ಬೆಳಕನ್ನು ನೋಡಿ.

ಬೆಳಕು ಪೂರ್ತಿ ಕುಸಿದು ಕೆಂಪಗಾದರೆ ಎರಡೇ ಅರ್ಥ: ಬ್ಯಾಟರಿಗೆ ಕಸುವಿಲ್ಲ, ಇಲ್ಲವೇ ಯಾವುದೋ ವಿಪರೀತ ಕರೆಂಟ್ ಎಳೆಯುತ್ತಿದೆ. ಮೋಟಾರಿನ ಒಳಗೆ ಶಾರ್ಟ್ ಆಗಿರಬಹುದು, ಬುಷ್ ಸವೆದು ಆರ್ಮೇಚರ್ ಉಜ್ಜುತ್ತಿರಬಹುದು, ಎಂಜಿನ್ನೇ ಹಿಡಿದುಕೊಂಡಿರಬಹುದು. ಬೆಳಕು ಹೆಚ್ಚು ಕಡಿಮೆ ಇದ್ದ ಹಾಗೇ ಇದ್ದು ‘ಟಕ್’ ಎಂದಷ್ಟೇ ಕೇಳಿದರೆ ಮೋಟಾರಿಗೆ ಬೇಕಾದ ಕರೆಂಟ್ ಹೋಗುತ್ತಿಲ್ಲ. ಆಗ ಬ್ಯಾಟರಿಯನ್ನು ದೂರುವುದರಲ್ಲಿ ಅರ್ಥವಿಲ್ಲ. ದಾರಿಯಲ್ಲಿ ಎಲ್ಲೋ ತಡೆಯಿದೆ: ಕ್ಲಾಂಪು, ಕೇಬಲ್, ಸೊಲೆನಾಯ್ಡ್ (ಸೆಲ್ಫ್ ಮೋಟಾರಿಗೆ ಕರೆಂಟ್ ಬಿಡುವ ದೊಡ್ಡ ಸ್ವಿಚ್) ಒಳಗಿನ ತಾಮ್ರದ ಕಾಂಟ್ಯಾಕ್ಟ್, ಕಾರ್ಬನ್ ಬ್ರಷ್ ಅಥವಾ ಅರ್ಥಿಂಗ್, ಅಂದರೆ ಕರೆಂಟ್ ಬ್ಯಾಟರಿಯ ಮೈನಸ್‌ಗೆ ವಾಪಸಾಗುವ ಹಾದಿ.

‘ಟಕ್’ ಎಲ್ಲಿಂದ ಬರುತ್ತದೆ ಎಂಬುದನ್ನೂ ಗಮನಿಸಿ. ಡ್ಯಾಶ್‌ಬೋರ್ಡ್ ಹಿಂದೆ ಅಥವಾ ಫ್ಯೂಸ್ ಬಾಕ್ಸಿನಲ್ಲಿ ಚಿಕ್ಕದಾಗಿ ‘ಟಿಕ್’ ಎಂದರೆ ಅದು ರಿಲೇ, ಕೀ ತಿರುಗಿಸಿದಾಗ ಸೊಲೆನಾಯ್ಡಿಗೆ ಕರೆಂಟ್ ಬಿಡುವ ಸಣ್ಣ ಸ್ವಿಚ್. ಕೆಳಗೆ ಗೇರ್ ಬಾಕ್ಸಿನ ಬಳಿ ಗಡುಸಾಗಿ ‘ಟಕ್’ ಎಂದರೆ ಸೊಲೆನಾಯ್ಡ್ ಒಳಗಿನ ಪ್ಲಂಜರ್ ಮೋಟಾರಿನ ಪಿನಿಯನ್ನನ್ನು (ಸಣ್ಣ ಹಲ್ಲುಚಕ್ರ) ಎಂಜಿನ್ನಿನ ಫ್ಲೈವೀಲಿನ ಹಲ್ಲಿಗೆ ತಳ್ಳಿದ ಸದ್ದು. ಎರಡನೆಯದು ಕೇಳಿಸಿದರೆ ಕೀ, ರಿಲೇ, ಅಲ್ಲಿಂದ ಸೊಲೆನಾಯ್ಡಿಗೆ ಬರುವ ಸಣ್ಣ ವೈರ್ ಎಲ್ಲವೂ ಬಹುತೇಕ ಸರಿ ಇವೆ ಎಂದೇ ಲೆಕ್ಕ.

ಶ್ರೀನಿವಾಸಪುರದ ಬೆಳೆಗಾರ:
ನಿನ್ನೆ ರಾತ್ರಿ ಶೆಡ್ಡಿನ ಗೋಡೆಯ ಎದುರು ನಿಲ್ಲಿಸಿ ನೋಡಿದೆ. ಗಡುಸಾದ ‘ಟಕ್’, ಕೆಳಗಿನಿಂದಲೇ. ಬೆಳಕು ಸ್ವಲ್ಪ ಮಂಕಾಗುತ್ತದೆ, ಕುಸಿಯುವುದಿಲ್ಲ. ‘ಕಟಕಟ’ ಎನ್ನುವಾಗಲೂ ಬೆಳಕು ಸಣ್ಣಗೆ ನಡುಗುತ್ತದೆ ಅಷ್ಟೇ. ಬ್ಯಾಟರಿ ಟರ್ಮಿನಲ್‌ಗಳನ್ನು ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು, ಮರಳು ಕಾಗದದಲ್ಲಿ ಉಜ್ಜಿ ಬಿಗಿ ಮಾಡಿದ್ದೇನೆ. ವ್ಯತ್ಯಾಸ ಕಾಣಲಿಲ್ಲ. ಗ್ಯಾರೇಜಿನ ಹುಡುಗ ಟೆಸ್ಟ್ ಬಲ್ಬ್ ಹಿಡಿದು ನೋಡಿ, ‘ಸೆಲ್ಫ್‌ವರೆಗೆ ಕರೆಂಟ್ ಬರುತ್ತಿದೆ, ಅರ್ಥಿಂಗೂ ಇದೆ, ಬಲ್ಬ್ ಪ್ರಕಾಶಮಾನವಾಗಿ ಉರಿಯುತ್ತಿದೆ, ಆದ್ದರಿಂದ ಸೆಲ್ಫೇ ಹೋಗಿದೆ’ ಎಂದ.

ಪಾಲಿಟೆಕ್ನಿಕ್ ಉಪನ್ಯಾಸಕಿ:
ಆ ಬಲ್ಬ್ ಮಾತನ್ನು ನಂಬಿ ಮೋಟಾರ್ ಬಿಚ್ಚಬೇಡಿ. ನಮ್ಮ ಡಿಪ್ಲೊಮಾ ವಿದ್ಯಾರ್ಥಿಗಳೂ ಇಲ್ಲೇ ಎಡವುತ್ತಾರೆ, ಹಾಗಾಗಿ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಇಂಡಿಕೇಟರಿನಲ್ಲಿ ಬಳಸುವ 21 ವ್ಯಾಟ್ ಬಲ್ಬ್ 12 ವೋಲ್ಟಿನಲ್ಲಿ ಎಳೆಯುವುದು 1.75 ಆಂಪಿಯರ್. ನಿಮ್ಮ ಗಾಡಿಯ ಅರ್ಥಿಂಗ್ ಹಾದಿಯಲ್ಲಿ 0.05 ಓಮ್ ತಡೆ ಇದೆ ಎಂದಿಟ್ಟುಕೊಳ್ಳಿ. ಬಲ್ಬಿನ ಕರೆಂಟಿಗೆ ಅಲ್ಲಿ ನಷ್ಟವಾಗುವುದು 0.09 ವೋಲ್ಟ್. ಅಷ್ಟು ಕಡಿಮೆಯಾದರೆ ಯಾವ ಕಣ್ಣಿಗೂ ತಿಳಿಯುವುದಿಲ್ಲ, ಬಲ್ಬ್ ಚೆನ್ನಾಗಿಯೇ ಉರಿಯುತ್ತದೆ. ಅದೇ ಹಾದಿಯಲ್ಲಿ ಡೀಸೆಲ್ ಎಂಜಿನ್ ತಿರುಗಿಸಲು ಬೇಕಾದ 200 ಆಂಪಿಯರ್ ಹರಿಯಬೇಕೆಂದರೆ ಆ 0.05 ಓಮ್ ತಡೆಯೊಂದೇ 10 ವೋಲ್ಟ್ ನುಂಗಬೇಕಾಗುತ್ತದೆ. ಮೋಟಾರಿಗೆ ಉಳಿಯುವುದು ಏನು? ಆದ್ದರಿಂದ ಅಷ್ಟು ಕರೆಂಟ್ ಹರಿಯುವುದೇ ಇಲ್ಲ. ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ಅಳೆದರೂ ಪ್ರಯೋಜನವಿಲ್ಲ. ಮೀಟರಿನ ವೈರುಗಳ ತಡೆಯೇ ಇದಕ್ಕಿಂತ ಹೆಚ್ಚಿರುತ್ತದೆ. ಇಡೀ ಕೇಬಲ್ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ‘ಬೀಪ್’ ಎಂದು ಸರಿ ಎನ್ನುತ್ತದೆ.

ದೋಷವನ್ನು ಹಿಡಿಯಬೇಕಾದದ್ದು ಕರೆಂಟ್ ಹರಿಯುತ್ತಿರುವಾಗ, ಅಂದರೆ ಕೀ ತಿರುಗಿಸಿ ಹಿಡಿದಿರುವಾಗ. ಸಾಧಾರಣ ಮಲ್ಟಿಮೀಟರ್ ಸಾಕು. ಅದನ್ನು 20 ವೋಲ್ಟ್ ಡಿಸಿಗೆ ಇಟ್ಟು, ಮನೆಯವರೊಬ್ಬರನ್ನು ಕೀ ಹಿಡಿಯಲು ಕೂರಿಸಿ ಈ ಅಳತೆಗಳನ್ನು ತೆಗೆದುಕೊಳ್ಳಿ. ಮೊದಲು ಬ್ಯಾಟರಿಯ ಎರಡು ಸೀಸದ ಕಂಬಗಳ ನಡುವೆ: ಕೀ ತಿರುಗಿಸುವ ಮುಂಚೆ ಎಷ್ಟು, ತಿರುಗಿಸಿದಾಗ ಎಷ್ಟು. ಮೀಟರಿನ ಮೊನೆ ಕ್ಲಾಂಪಿನ ಮೇಲೆ ತಾಗಬಾರದು, ಕಂಬದ ಮೇಲೇ ಒತ್ತಿರಬೇಕು. ಕ್ಲಾಂಪಿಗೂ ಕಂಬಕ್ಕೂ ನಡುವೆಯೇ ತಡೆ ಇದ್ದರೆ ಅದೂ ಅಳತೆಯೊಳಗೆ ಬರಬೇಕಲ್ಲ. ಆಮೇಲೆ ಒಂದು ಮೊನೆ ಪ್ಲಸ್ ಕಂಬದ ಮೇಲೆ, ಇನ್ನೊಂದು ಸೊಲೆನಾಯ್ಡಿಗೆ ಬರುವ ದಪ್ಪ ಕೇಬಲಿನ ಬೋಲ್ಟಿನ ಮೇಲೆ. ಕೊನೆಗೆ ಒಂದು ಮೊನೆ ಮೈನಸ್ ಕಂಬದ ಮೇಲೆ, ಇನ್ನೊಂದು ಎಂಜಿನ್ ಬ್ಲಾಕಿನ ಮೇಲೆ, ಬಣ್ಣ ಮತ್ತು ಜಿಡ್ಡಿಲ್ಲದ ಜಾಗದಲ್ಲಿ.

ಪೂರ್ತಿ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು, 12.2 ಎಂದರೆ ಸುಮಾರು ಅರ್ಧ ಖಾಲಿ. ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಪ್ಲಸ್ ಹಾದಿಯ ನಷ್ಟ ಅರ್ಧ ವೋಲ್ಟಿನ ಒಳಗೆ, ಮೈನಸ್ ಹಾದಿಯದು 0.2 ಅಥವಾ 0.3ರ ಒಳಗೆ ಇದ್ದರೆ ಕೇಬಲುಗಳು ಆರೋಗ್ಯವಾಗಿವೆ.

ದಾವಣಗೆರೆಯ ಲಾರಿ ಚಾಲಕ:
ಇಷ್ಟೆಲ್ಲ ಅಳೆಯುವ ಮುಂಚೆ ಒಂದು ಕೆಲಸ ಮಾಡಬಹುದು. ಯಾರಾದರೂ ಕೀ ಹಿಡಿದಿರುವಾಗ ಸೆಲ್ಫ್ ಮೋಟಾರಿನ ಮೈಗೆ ಸುತ್ತಿಗೆಯ ಮರದ ಹಿಡಿಯಿಂದ ತಟ್ಟಿ. ತಟ್ಟಿದ ಕೂಡಲೇ ತಿರುಗಿದರೆ ಬ್ರಷ್ ಸವೆದಿದೆ. ಇನ್ನೊಂದು, ಸ್ಕ್ರೂಡ್ರೈವರಿನಿಂದ ಸೊಲೆನಾಯ್ಡಿನ ದೊಡ್ಡ ಬೋಲ್ಟಿಗೂ ಸಣ್ಣ ಟರ್ಮಿನಲ್‌ಗೂ ಸೇತುವೆ ಕಟ್ಟಿದರೆ ಕೀ ಸ್ವಿಚ್ ದೋಷವೋ ಅಲ್ಲವೋ ಗೊತ್ತಾಗುತ್ತದೆ. ತುರ್ತಿದ್ದರೆ ಮಂಡಿಯಲ್ಲಿ ಲಾರಿಗಳು ಸಾಲಾಗಿ ನಿಂತಿರುತ್ತವೆ, ಯಾರದ್ದಾದರೂ ಬ್ಯಾಟರಿಯಿಂದ ಜಂಪರ್ ಹಾಕಿಸಿಕೊಳ್ಳಿ.

ತುಮಕೂರಿನ ಆಟೋ ಎಲೆಕ್ಟ್ರಿಷಿಯನ್:
ಕೊನೆಯ ಮಾತನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಪಿಕಪ್ 12 ವೋಲ್ಟಿನದು. 24 ಕೊಟ್ಟರೆ ಆಲ್ಟರ್ನೇಟರಿನ ಡಯೋಡು, ಮೀಟರ್ ಬೋರ್ಡು, ಬಲ್ಬುಗಳು ಒಟ್ಟಿಗೇ ಹೋಗಬಹುದು, ಬ್ಯಾಟರಿ ಸಿಡಿಯುವ ಅಪಾಯವೂ ಇದೆ. ಜಂಪರ್ ಬೇಕಿದ್ದರೆ ಇನ್ನೊಂದು ಪಿಕಪ್, ಕಾರು ಅಥವಾ 12 ವೋಲ್ಟಿನ ಟ್ರ್ಯಾಕ್ಟರ್ ಹುಡುಕಿ. ಪ್ಲಸ್‌ಗೆ ಪ್ಲಸ್ ಕೊಟ್ಟು, ಮೈನಸ್ ತುದಿಯನ್ನು ನಿಮ್ಮ ಗಾಡಿಯ ಬ್ಯಾಟರಿಗೆ ಹಾಕದೆ ದೂರದಲ್ಲಿ ಎಂಜಿನ್ನಿನ ಬರಿಯ ಲೋಹಕ್ಕೆ ಹಾಕಿ. ಕೊನೆಯ ಸಂಪರ್ಕದಲ್ಲಿ ಕಿಡಿ ಹಾರುತ್ತದೆ, ಬ್ಯಾಟರಿಯ ಮೇಲೆ ಹೈಡ್ರೋಜನ್ ಇರುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಹೈಡ್ರೋಜನ್ ಸೇರಿದರೆ ಹೊತ್ತಿಕೊಳ್ಳಲು ಸಾಕು. ಆಸಿಡ್ ಕಣ್ಣಿಗೆ ಹಾರಿದವರನ್ನು ಆಸ್ಪತ್ರೆಗೆ ಸೇರಿಸಿದ ನೆನಪು ನನಗಿದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಸ್ಕ್ರೂಡ್ರೈವರಿನ ಉಪಾಯ ನಾವೂ ಬಳಸುತ್ತೇವೆ. ಆದರೆ ಗಾಡಿಯ ಕೆಳಗೆ ಮಲಗಿ ಮಾಡುವಾಗ ಗೇರ್ ಬಿದ್ದಿದ್ದರೆ ಗಾಡಿ ನೇರವಾಗಿ ಮೈಮೇಲೆ ಬರುತ್ತದೆ. ಮೆಕ್ಯಾನಿಕಲ್ ಪಂಪಿನ ಡೀಸೆಲ್ ಗಾಡಿಯಲ್ಲಿ ಕೀ ಆನ್ ಇದ್ದರೆ ಸ್ಟಾರ್ಟೂ ಆಗಿಬಿಡುತ್ತದೆ. ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಕಲ್ಲು, ಕೈಯಿಂದ ಉಂಗುರ ಮತ್ತು ಲೋಹದ ಬಳೆ ತೆಗೆದದ್ದು, ಇಷ್ಟೂ ಆಗದೆ ಕೈ ಹಾಕಬಾರದು. ಇವರ ಗಾಡಿಗಂತೂ ಆ ಪರೀಕ್ಷೆಯ ಅಗತ್ಯವೇ ಇಲ್ಲ, ಸೊಲೆನಾಯ್ಡ್ ತಾನಾಗಿಯೇ ಎಳೆಯುತ್ತಿದೆ.

ತಟ್ಟುವ ಪರೀಕ್ಷೆ ಒಳ್ಳೆಯದು, ಮೆಲ್ಲಗೆ ಮಾತ್ರ. ಕೆಲವು ಮೋಟಾರುಗಳ ಒಳಗೆ ತಾಮ್ರದ ಫೀಲ್ಡ್ ಕಾಯಿಲ್ ಇರುವುದಿಲ್ಲ, ಅಂಟಿಸಿದ ಅಯಸ್ಕಾಂತ ಇರುತ್ತದೆ. ಜೋರಾಗಿ ಹೊಡೆದರೆ ಅದು ಸೀಳುತ್ತದೆ.

ಮಲ್ಪೆಯ ಮೀನು ಸಾಗಣೆದಾರ:
ಈ ಮಾತುಕತೆ ಓದುತ್ತಾ ಬಂದಂತೆ ನನಗೆ ಒಂದೇ ಅನುಮಾನ ಬಲವಾಗುತ್ತಿದೆ. ಎಂಜಿನ್ನಿನಿಂದ ಚಾಸಿಗೆ (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು) ಬರುವ ಅರ್ಥ್ ಪಟ್ಟಿಯನ್ನು ಯಾರಾದರೂ ನೋಡಿದ್ದಾರೆಯೇ? ಬಂದರಿನಲ್ಲಿ ನಮ್ಮ ಗಾಡಿಗಳಿಗೆ ಇದು ಪ್ರತಿ ವರ್ಷದ ರೋಗ. ಮೀನಿನ ಪೆಟ್ಟಿಗೆಯ ಮಂಜುಗಡ್ಡೆ ಕರಗಿ ಸುರಿಯುವ ಉಪ್ಪುನೀರು, ಅದರ ಮೇಲೆ ಸಮುದ್ರದ ಗಾಳಿ. ಹೆಣೆದ ತಾಮ್ರದ ಪಟ್ಟಿ ಹೊರಗೆ ಕಪ್ಪಗೆ ಕಂಡರೂ ಬಗ್ಗಿಸಿದರೆ ಒಳಗಿನಿಂದ ಹಸಿರು ಪುಡಿ ಉದುರುತ್ತದೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿನ ಮೇಲೆ. ಬ್ಯಾಟರಿಯ ಮೈನಸ್ ಕೇಬಲ್ ಚಾಸಿಗೆ ಮಾತ್ರ ಹೋಗಿರುವ ಗಾಡಿಯಲ್ಲಿ ಆ ಪಟ್ಟಿ ಹೋದರೆ ಎಂಜಿನ್ ಚಾಸಿಯಿಂದ ಬೇರೆಯಾದ ಹಾಗೆಯೇ. ಹೆಡ್‌ಲೈಟಿನ ಅರ್ಥ್ ಬಾಡಿಗೆ ಇರುವುದರಿಂದ ದೀಪ ಚೆನ್ನಾಗಿರುತ್ತದೆ.

ಇನ್ನೊಂದು ಗುರುತು ಇದೆ. ಆಕ್ಸಿಲರೇಟರ್ ಕೇಬಲನ್ನು ಮುಟ್ಟಿ ನೋಡಿ. ಸೆಲ್ಫ್ ಹೊಡೆದ ಕೂಡಲೇ ಬಿಸಿಯಾಗಿದ್ದರೆ, ಅಥವಾ ಅದರ ಪ್ಲಾಸ್ಟಿಕ್ ಹೊದಿಕೆ ಕರಗಿದ್ದರೆ, ಪಟ್ಟಿಯಲ್ಲಿ ಹೋಗಬೇಕಾದ ಕರೆಂಟ್ ಆ ಸಣ್ಣ ತಂತಿಯ ಮೂಲಕ ವಾಪಸಾಗುತ್ತಿದೆ.

ಮಿಷಿಗನ್‌ನಲ್ಲಿರುವ ಕನ್ನಡಿಗ:
ಇಲ್ಲಿ ಪಿಕಪ್ ಮನೆಮನೆಯ ಗಾಡಿ, ಚಳಿಗಾಲ ಬಂತೆಂದರೆ ಈ ‘ಟಕ್’ ಸದ್ದು ಪಾರ್ಕಿಂಗ್ ತುಂಬ ಕೇಳುತ್ತದೆ. ಇಲ್ಲಿ ಬ್ಯಾಟರಿಯ ತಾಕತ್ತನ್ನು ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದು ಮೇಲೆ ಮುದ್ರಿಸಿರುತ್ತಾರೆ: ಆ ಚಳಿಯಲ್ಲಿ 30 ಸೆಕೆಂಡ್ ಕಾಲ, 7.2 ವೋಲ್ಟಿಗಿಂತ ಕೆಳಗಿಳಿಯದೆ, ಎಷ್ಟು ಆಂಪಿಯರ್ ಕೊಡಬಲ್ಲದು ಎಂದು. ಕೋಲಾರದ ಹವೆಗೆ ಬ್ಯಾಟರಿ ಅಷ್ಟೊಂದು ಸೊರಗುವುದಿಲ್ಲ. ಇವರ ತೊಂದರೆ ಎಂಜಿನ್ ಬಿಸಿಯಾದಾಗ ಹೆಚ್ಚುವುದರಿಂದ ಚಳಿಯನ್ನು ಲೆಕ್ಕದಿಂದ ಬಿಡಬಹುದು. ಬಿಸಿಯಾದಂತೆ ತಾಮ್ರದ ತಡೆಯೂ ಏರುತ್ತದೆ, ಹಳಸಿದ ಸಂಧಿಯದು ಇನ್ನೂ ಹೆಚ್ಚು. ನನ್ನ ಓಟೂ ಅರ್ಥ್ ಪಟ್ಟಿಗೇ.

ಸರ್ಜಾಪುರದ ನರ್ಸರಿಯವಳು:
ಬೆಳೆಗಾರರ ಗಾಡಿಗೆ ಇದು ಅನ್ವಯಿಸದಿರಬಹುದು. ಆದರೂ ‘ಟಕ್ ಎನ್ನುತ್ತದೆ’ ಎಂದು ಹುಡುಕಿಕೊಂಡು ಇಲ್ಲಿಗೆ ಬರುವವರಿಗಾಗಿ ಬರೆಯುತ್ತೇನೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ನಮ್ಮ ಕಡೆಯ ರಸ್ತೆಗಳು ಕೆರೆಯಾದಾಗ ನಮ್ಮ ಗಿಡ ಸಾಗಿಸುವ ಪಿಕಪ್ ಬಾನೆಟ್‌ವರೆಗೆ ನೀರಲ್ಲಿ ನಿಂತಿತ್ತು. ನೀರು ಇಳಿದ ಮೇಲೆ ಕೀ ತಿರುಗಿಸಿದರೆ ಗಡುಸಾಗಿ ಒಂದು ‘ಟಕ್’, ದೀಪ ಪೂರ್ತಿ ಮಂಕು. ಜಂಪರ್ ಹಾಕೋಣ, ತಳ್ಳೋಣ ಎಂದು ಸುತ್ತ ಸೇರಿದವರೆಲ್ಲ ಹೇಳಿದರು. ನಮ್ಮ ಮೆಕ್ಯಾನಿಕ್ ಮುಟ್ಟಬಾರದೆಂದು ಹಟ ಹಿಡಿದ. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ತಿರುಗಿಸಿ ನೋಡಿದ. ಸ್ವಲ್ಪ ತಿರುಗಿ ಗಟ್ಟಿಯಾಗಿ ನಿಂತಿತು. ಗ್ಲೋ ಪ್ಲಗ್‌ಗಳನ್ನು ಬಿಚ್ಚಿ ಮತ್ತೆ ತಿರುಗಿಸಿದಾಗ ಸಿಲಿಂಡರಿನಿಂದ ಕೆಸರುನೀರು ಚಿಮ್ಮಿತು. ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ. ಬಲವಂತ ಮಾಡಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತಿತ್ತು, ಎಂಜಿನ್ ಹೋಗುತ್ತಿತ್ತು. ಪ್ರವಾಹದ ನೀರಲ್ಲಿ ನಿಂತ ಗಾಡಿಯ ಸೆಲ್ಫ್ ಹೊಡೆಯಲೇಬೇಡಿ, ತಳ್ಳಲೂ ಬೇಡಿ.

ತುಮಕೂರಿನ ಆಟೋ ಎಲೆಕ್ಟ್ರಿಷಿಯನ್:
ಆ ಮೆಕ್ಯಾನಿಕ್‌ಗೆ ನನ್ನದೊಂದು ನಮಸ್ಕಾರ.

ಬೆಳೆಗಾರರೇ, ಮಲ್ಪೆಯವರ ಅನುಮಾನವನ್ನು ಐದೇ ನಿಮಿಷದಲ್ಲಿ ಪರೀಕ್ಷಿಸಬಹುದು. ಜಂಪರ್ ಕೇಬಲಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿಯನ್ನು ನೇರವಾಗಿ ಎಂಜಿನ್ ಎತ್ತುವ ಕೊಕ್ಕೆಗೋ ಬರಿಯ ಲೋಹದ ಯಾವುದಾದರೂ ದಪ್ಪ ಬೋಲ್ಟಿಗೋ ಕಚ್ಚಿಸಿ. ಕೀ ತಿರುಗಿಸಿ. ಸರ್ರನೆ ತಿರುಗಿದರೆ ಉತ್ತರ ಸಿಕ್ಕಿತು. ಆದರೆ ಮೊದಲು ಉಪನ್ಯಾಸಕಿಯವರು ಹೇಳಿದ ಅಳತೆಗಳನ್ನು ತೆಗೆದುಕೊಳ್ಳಿ, ತಪ್ಪಿಸಬೇಡಿ.

ಶ್ರೀನಿವಾಸಪುರದ ಬೆಳೆಗಾರ:
ಅಳತೆ ಆಯಿತು. ಮಗಳು ಕೀ ಹಿಡಿದಳು, ನಾನು ಮೀಟರ್ ಹಿಡಿದೆ.

ಬ್ಯಾಟರಿ ಕಂಬಗಳ ನಡುವೆ ಸುಮ್ಮನಿದ್ದಾಗ 12.4. ಕೀ ತಿರುಗಿಸಿ ‘ಟಕ್’ ಎಂದಾಗ 11.7. ಪ್ಲಸ್ ಕಂಬದಿಂದ ಸೊಲೆನಾಯ್ಡ್ ಬೋಲ್ಟಿಗೆ 0.3. ಮೈನಸ್ ಕಂಬದಿಂದ ಎಂಜಿನ್ ಬ್ಲಾಕಿಗೆ 7.6! ಅಂಕಿ ನಂಬಿಕೆಯಾಗದೆ ಜಾಗ ಬದಲಿಸಿ ಮತ್ತೆ ಅಳೆದೆ, ಅಷ್ಟೇ ಬಂತು. ಹಾಗೆಯೇ ಮುಂದುವರಿದು ಮೈನಸ್ ಕಂಬದಿಂದ ಚಾಸಿಗೆ ಅಳೆದಾಗ 0.1 ಮಾತ್ರ. ಚಾಸಿಯಿಂದ ಎಂಜಿನ್ನಿಗೆ 7.5.

ಜಂಪರ್ ಕೇಬಲನ್ನು ಮೈನಸ್‌ನಿಂದ ಎಂಜಿನ್ ಕೊಕ್ಕೆಗೆ ಹಾಕಿ ಕೀ ತಿರುಗಿಸಿದೆವು. ಹೊಸ ಗಾಡಿಯಂತೆ ಹೊಡೆಯಿತು. ಆಕ್ಸಿಲರೇಟರ್ ಕೇಬಲನ್ನೂ ನೋಡಿದೆ, ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ) ದಾಟುವಲ್ಲಿ ಹೊದಿಕೆ ಮೆತ್ತಗಾಗಿ ಒಳತಂತಿಗೆ ಅಂಟಿಕೊಂಡಿದೆ. ಕೆಲವು ದಿನಗಳಿಂದ ಪೆಡಲ್ ಬಿಗಿಯಾಗಿತ್ತು, ಧೂಳು ಸೇರಿರಬೇಕು ಎಂದುಕೊಂಡಿದ್ದೆವು.

ಪಾಲಿಟೆಕ್ನಿಕ್ ಉಪನ್ಯಾಸಕಿ:
ನಿಮ್ಮ ಅಂಕಿಗಳನ್ನು ಕೂಡಿಸಿ ನೋಡಿ, ಎಷ್ಟು ಅಚ್ಚುಕಟ್ಟಾಗಿ ತಾಳೆಯಾಗುತ್ತವೆ! ಬ್ಯಾಟರಿ ಕೊಟ್ಟದ್ದು 11.7. ಪ್ಲಸ್ ಹಾದಿ ತಿಂದದ್ದು 0.3, ಮೈನಸ್ ಹಾದಿ ತಿಂದದ್ದು 7.6. ಸೆಲ್ಫ್ ಮೋಟಾರಿಗೆ ಸಿಕ್ಕಿದ್ದು 3.8 ವೋಲ್ಟ್. ಅಷ್ಟರಲ್ಲಿ ಯಾವ ಮೋಟಾರೂ ಡೀಸೆಲ್ ಎಂಜಿನ್ ತಿರುಗಿಸಲಾರದು. ಹೊಸ ಮೋಟಾರ್ ಹಾಕಿದ್ದರೂ ಅದಕ್ಕೂ ಅಷ್ಟೇ ಸಿಗುತ್ತಿತ್ತು.

‘ಟಕ್’ ಒಮ್ಮೆ, ‘ಕಟಕಟ’ ಒಮ್ಮೆ ಏಕೆ ಎಂಬುದಕ್ಕೂ ಉತ್ತರ ಇಲ್ಲಿದೆ. ಸೊಲೆನಾಯ್ಡಿನಲ್ಲಿ ಎರಡು ಸುರುಳಿಗಳಿವೆ. ಒಂದು ಪ್ಲಂಜರನ್ನು ಒಳಗೆಳೆಯುವುದಕ್ಕೆ, ಇನ್ನೊಂದು ಎಳೆದದ್ದನ್ನು ಹಿಡಿದಿಡುವುದಕ್ಕೆ. ಮುಖ್ಯ ಕಾಂಟ್ಯಾಕ್ಟ್ ಕೂಡಿದ ಕ್ಷಣ ಎಳೆಯುವ ಸುರುಳಿಯ ಎರಡೂ ತುದಿಗಳಲ್ಲಿ ವೋಲ್ಟೇಜ್ ಸಮನಾಗಿ ಅದು ನಿಷ್ಕ್ರಿಯವಾಗುತ್ತದೆ, ಭಾರವೆಲ್ಲ ಹಿಡಿಯುವ ಸುರುಳಿಯ ಮೇಲೆ. ಅದರ ಅರ್ಥ್ ಕೂಡ ಎಂಜಿನ್ ಮೈಯೇ. ಅಲ್ಲಿ ನಾಲ್ಕು ವೋಲ್ಟಿನಷ್ಟೇ ಉಳಿದಾಗ ಕೆಲವೊಮ್ಮೆ ಹಿಡಿಯುತ್ತದೆ, ಕೆಲವೊಮ್ಮೆ ಬಿಡುತ್ತದೆ. ಬಿಟ್ಟ ತಕ್ಷಣ ಕರೆಂಟ್ ನಿಂತು ವೋಲ್ಟೇಜ್ ಏರುತ್ತದೆ, ಮತ್ತೆ ಎಳೆಯುತ್ತದೆ, ಮತ್ತೆ ಬಿಡುತ್ತದೆ. ‘ಕಟಕಟ’ ಎಂದರೆ ಬ್ಯಾಟರಿಯೇ ಎಂಬ ಹಾಸನದವರ ಮಾತು ಬಹಳ ಗಾಡಿಗಳಲ್ಲಿ ನಿಜ. ಆದರೆ ‘ಕಟಕಟ’ ಆಗುವಾಗ ಬ್ಯಾಟರಿ ಕಂಬದಲ್ಲಿ 11.7 ಇದ್ದರೆ ಬ್ಯಾಟರಿ ನಿರಪರಾಧಿ.

ಒಂದು ಕೆಲಸ ಬಾಕಿ ಇದೆ. ಪಟ್ಟಿ ಬದಲಿಸುವ ಮುಂಚೆ ಎಂಜಿನ್ ಓಡುತ್ತಿರುವಾಗ, ಹೆಡ್‌ಲೈಟ್ ಹಾಕಿ, ಬ್ಯಾಟರಿ ಕಂಬಗಳ ನಡುವೆ ಎಷ್ಟಿದೆ ಮತ್ತು ಆಲ್ಟರ್ನೇಟರಿನ ದಪ್ಪ ಬೋಲ್ಟಿಗೂ ಅದರ ಮೈಗೂ ನಡುವೆ ಎಷ್ಟಿದೆ ಎಂದು ಅಳೆಯಿರಿ. ಹಳೆಯ ಬ್ಯಾಟರಿ ಯಾಕೆ ಸತ್ತಿತೆಂದು ನನಗೆ ಅನುಮಾನ.

ಶ್ರೀನಿವಾಸಪುರದ ಬೆಳೆಗಾರ:
ಆಲ್ಟರ್ನೇಟರಿನಲ್ಲಿ 14.3. ಬ್ಯಾಟರಿಯಲ್ಲಿ 12.9.

ತುಮಕೂರಿನ ಆಟೋ ಎಲೆಕ್ಟ್ರಿಷಿಯನ್:
ಹಾಗಾದರೆ ಕಥೆ ಪೂರ್ತಿಯಾಯಿತು. ಆಲ್ಟರ್ನೇಟರ್ ಕೂತಿರುವುದೂ ಎಂಜಿನ್ ಮೈಮೇಲೆ. ಅದರ ಕರೆಂಟೂ ಅದೇ ಹಾಳಾದ ಪಟ್ಟಿಯ ಮೂಲಕವೇ ಸುತ್ತು ಮುಗಿಸಬೇಕು. ಅದು 14.3 ಹುಟ್ಟಿಸಿದರೂ ದಾರಿಯಲ್ಲೇ ಸೋರಿ ಬ್ಯಾಟರಿಗೆ 12.9 ತಲುಪುತ್ತಿತ್ತು. ಬ್ಯಾಟರಿ ಸರಿಯಾಗಿ ತುಂಬಬೇಕಾದರೆ 13.8ರಿಂದ 14.4ರವರೆಗೆ ಬೇಕು. ನಿಮ್ಮ ಹಳೆಯ ಬ್ಯಾಟರಿ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ದುಡಿದಿದೆ. ಹೊಸದು ಅಂಗಡಿಯಲ್ಲಿ ಪೂರ್ತಿ ಚಾರ್ಜ್ ಆಗಿ ಬಂದಿತ್ತು, ಅದಕ್ಕೇ ಒಂದು ವಾರ ಎಳೆಯಿತು. ಹಾಗೇ ಬಿಟ್ಟಿದ್ದರೆ ವರ್ಷ ತುಂಬುವುದರೊಳಗೆ ಅದನ್ನೂ ‘ಸತ್ತಿದೆ’ ಎಂದು ತೆಗೆಸುತ್ತಿದ್ದರು.

ಪಟ್ಟಿ ಎಲ್ಲಿದೆ ಎಂದು ಹುಡುಕಿ: ಬಹುತೇಕ ಗೇರ್ ಬಾಕ್ಸಿನ ಗಂಟೆಯಾಕಾರದ ಭಾಗದಿಂದ ಚಾಸಿಗೆ, ಇಲ್ಲವೇ ಎಂಜಿನ್ ಮೌಂಟಿನ ಪಕ್ಕದಿಂದ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಎಂದಿಗೂ ಮೈನಸ್ ಮೊದಲು, ಕಟ್ಟುವಾಗ ಮೈನಸ್ ಕೊನೆಗೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಹಾರಬಾರದು ಎಂಬುದಕ್ಕೆ ಈ ಕ್ರಮ. ಪಟ್ಟಿಯ ಎರಡೂ ತುದಿ ಕೂರುವ ಜಾಗವನ್ನು ಬಣ್ಣ, ತುಕ್ಕು, ಜಿಡ್ಡು ಹೋಗಿ ಲೋಹ ಬೆಳ್ಳಗೆ ಹೊಳೆಯುವವರೆಗೆ ಕೆರೆಯಿರಿ. ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿಯನ್ನೋ ಗ್ರೀಸನ್ನೋ ಸವರಿ. ಬಿಗಿ ಮಾಡುವ ಮುಂಚೆ ನಡುವೆ ತುಂಬಬೇಡಿ.

ಪಟ್ಟಿ ಸಿಗದಿದ್ದರೆ 35 ಚದರ ಮಿಲಿಮೀಟರಿನ ಬ್ಯಾಟರಿ ಕೇಬಲ್ ತುಂಡಿಗೆ ಎರಡೂ ತುದಿಗೆ ಲಗ್ (ಬೋಲ್ಟಿಗೆ ಕೂರುವ ಲೋಹದ ಉಂಗುರ) ಒತ್ತಿಸಿ ಹಾಕಬಹುದು, 50 ಆದರೆ ಇನ್ನೂ ಒಳ್ಳೆಯದು. ಅಂಗಡಿಯಲ್ಲಿ ಎಳೆಯೊಂದನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ತಾಮ್ರದ ಲೇಪದ ಕೆಳಗೆ ಬೆಳ್ಳಗೆ ಅಲ್ಯೂಮಿನಿಯಂ ಕಂಡರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಮಲ್ಪೆಯ ಮೀನು ಸಾಗಣೆದಾರ:
ಕೇಬಲ್ ಬಿಗಿಯಾಗಿ ಎಳೆದು ಕಟ್ಟಬೇಡಿ. ಎಂಜಿನ್ ಅಲುಗಾಡುತ್ತದೆ, ಒಂದಿಷ್ಟು ಸಡಿಲ ಬಿಡದಿದ್ದರೆ ಲಗ್ ಹತ್ತಿರ ಎಳೆಗಳು ಒಂದೊಂದಾಗಿ ಮುರಿಯುತ್ತವೆ. ನಾವು ಎರಡು ಪಟ್ಟಿ ಹಾಕುತ್ತೇವೆ, ಒಂದು ಎಂಜಿನ್ನಿನಿಂದ ಚಾಸಿಗೆ, ಇನ್ನೊಂದು ನೇರವಾಗಿ ಬ್ಯಾಟರಿ ಮೈನಸ್‌ನಿಂದ ಎಂಜಿನ್ನಿಗೆ.

ಶ್ರೀನಿವಾಸಪುರದ ಬೆಳೆಗಾರ:
ಪಟ್ಟಿ ಸಿಕ್ಕಿತು. ಗೇರ್ ಬಾಕ್ಸಿನ ಎಡಬದಿಯಲ್ಲಿ, ಮಣ್ಣು ಮತ್ತು ಆಯಿಲ್ ಸೇರಿ ಗಟ್ಟಿಯಾದ ಪದರದೊಳಗೆ ಹೂತುಹೋಗಿತ್ತು. ಚಾಸಿಯ ತುದಿಯಲ್ಲಿ ಲಗ್ ಕೆಳಗೆ ದಪ್ಪನೆಯ ಕಪ್ಪು ಬಣ್ಣ ಹಾಗೇ ಇತ್ತು, ಬೋಲ್ಟಿನ ಹಲ್ಲು ಮಾತ್ರ ಲೋಹಕ್ಕೆ ತಾಗಿತ್ತು, ಅದೂ ತುಕ್ಕು ಹಿಡಿದಿತ್ತು. ಕಳೆದ ವರ್ಷ ಬೇರೆ ಊರಿನಲ್ಲಿ ಕ್ಲಚ್ ಕೆಲಸ ಮಾಡಿಸಿದಾಗ ಬಿಚ್ಚಿ ಮತ್ತೆ ಕಟ್ಟಿರಬೇಕು. ಇನ್ನೊಂದು ತುದಿಯಲ್ಲಿ ಹೆಣಿಗೆಯ ಅರ್ಧದಷ್ಟು ಎಳೆಗಳು ಮುರಿದಿದ್ದವು. ಕೈಯಲ್ಲಿ ಮಡಚಿದರೆ ಮಲ್ಪೆಯವರು ಹೇಳಿದಂತೆಯೇ ಹಸಿರು ಪುಡಿ ಉದುರಿತು.

ಕೋಲಾರದಲ್ಲಿ 50 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ತೆಗೆದುಕೊಂಡು, ಕೆರೆದು ನೋಡಿ, ಎರಡೂ ಕಡೆ ಹಾಕಿದೆವು. ಆಕ್ಸಿಲರೇಟರ್ ಕೇಬಲನ್ನೂ ಬದಲಿಸಿದೆವು. ಈಗ ಸೆಲ್ಫ್ ತಿರುಗುವಾಗ ಮೈನಸ್ ಕಂಬದಿಂದ ಎಂಜಿನ್ನಿಗೆ 0.1. ಬ್ಯಾಟರಿಯಲ್ಲಿ ಆ ಹೊತ್ತಿಗೆ 10.7, ಎಂಜಿನ್ ಓಡುವಾಗ ಹೆಡ್‌ಲೈಟ್ ಸಮೇತ 14.1. ಮಂಡಿಗೆ ಹೋಗಿ, ಸರಕು ಇಳಿಸಿ, ಎಂಜಿನ್ ಸುಡುತ್ತಿರುವಾಗಲೇ ಬೇಕೆಂದು ಆರಿಸಿ ಸ್ಟಾರ್ಟ್ ಮಾಡಿದೆ. ಒಮ್ಮೆಯೂ ತಪ್ಪಲಿಲ್ಲ.

ಹಾಸನದ ಚಾಲಕ:
ಬಹಳ ಸಂತೋಷ. ನನಗೊಂದು ಅನುಮಾನ. ನನ್ನ ಗಾಡಿಯಲ್ಲಿ ಎರಡು ದಿನ ನಿಲ್ಲಿಸಿದರೆ ‘ಕಟಕಟ’, ದೀಪವೂ ಮಂಕು. ಅರ್ಥ್ ಚೆನ್ನಾಗಿದೆ, ಚಾರ್ಜಿಂಗ್ 14.2 ತೋರಿಸುತ್ತದೆ.

ತುಮಕೂರಿನ ಆಟೋ ಎಲೆಕ್ಟ್ರಿಷಿಯನ್:
ಕೀ ತೆಗೆದ ಮೇಲೂ ಯಾವುದೋ ಕರೆಂಟ್ ಕುಡಿಯುತ್ತಿದೆ. ಎಲ್ಲವನ್ನೂ ಆರಿಸಿ, ಬಾಗಿಲು ಮುಚ್ಚಿ, ಮೈನಸ್ ಕ್ಲಾಂಪಿಗೂ ಕಂಬಕ್ಕೂ ನಡುವೆ ಮೀಟರನ್ನು 10 ಆಂಪಿಯರಿಗೆ ಇಟ್ಟು ಸೇರಿಸಿ. 50 ಮಿಲಿ ಆಂಪಿಯರ್ ಒಳಗಿದ್ದರೆ ಸರಿ. ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ಎಳೆಯುತ್ತಾ ಬನ್ನಿ, ಯಾವುದನ್ನು ತೆಗೆದಾಗ ಅಂಕಿ ಇಳಿಯುತ್ತದೋ ಆ ಸರ್ಕ್ಯೂಟಿನಲ್ಲಿ ಕಳ್ಳನಿದ್ದಾನೆ. ಆಮೇಲೆ ಹಾಕಿಸಿದ ಟೇಪು, ಎಲ್‌ಇಡಿ ಪಟ್ಟಿ, ಟ್ರ್ಯಾಕರ್ ಇವನ್ನೇ ಮೊದಲು ನೋಡಿ. ಮೀಟರ್ ಸೇರಿಸಿರುವಾಗ ಮಾತ್ರ ಕೀ ತಿರುಗಿಸಬೇಡಿ, ಮೀಟರ್ ಸುಡುತ್ತದೆ.

ಶ್ರೀನಿವಾಸಪುರದ ಬೆಳೆಗಾರ:
ಕೊನೆಯ ಪ್ರಶ್ನೆ. ‘ಸತ್ತಿದೆ’ ಎಂದ ಹಳೆಯ ಬ್ಯಾಟರಿಯನ್ನು ಅಂಗಡಿಗೆ ಬದಲಿ ಕೊಡದೆ ಮನೆಯಲ್ಲೇ ಇಟ್ಟಿದ್ದೇನೆ. ಸುಮ್ಮನಿದ್ದಾಗ 12.1 ತೋರಿಸುತ್ತದೆ. ಅದರಿಂದ ಏನಾದರೂ ಉಪಯೋಗವಿದೆಯೇ?

ಪಾಲಿಟೆಕ್ನಿಕ್ ಉಪನ್ಯಾಸಕಿ:
ಖಂಡಿತ ಪ್ರಯತ್ನಿಸಿ. ನೀರು ತುಂಬುವ ಮಾದರಿಯಾದರೆ ಆರೂ ಸೆಲ್‌ಗಳಲ್ಲಿ ಪ್ಲೇಟ್ ಮುಳುಗಿದೆಯೇ ನೋಡಿ, ಕಡಿಮೆ ಇದ್ದರೆ ಡಿಸ್ಟಿಲ್ಡ್ ನೀರನ್ನೇ ಹಾಕಿ. ಗಾಳಿಯಾಡುವ ಜಾಗದಲ್ಲಿ ನಾಲ್ಕೈದು ಆಂಪಿಯರಿನಲ್ಲಿ ನಿಧಾನವಾಗಿ ಚಾರ್ಜ್ ಮಾಡಿಸಿ, ಬೇಗ ಆಗಲೆಂದು ಕರೆಂಟ್ ಏರಿಸಬೇಡಿ. ಚಾರ್ಜರ್ ತೆಗೆದು ಒಂದು ರಾತ್ರಿ ಬಿಟ್ಟು ಅಳೆಯಿರಿ. 12.5ರಲ್ಲಿ ನಿಂತು, ಸೆಲ್ಫ್ ಹೊಡೆಯುವಾಗ 9.6ರ ಮೇಲೇ ಉಳಿದರೆ ಅದಕ್ಕೆ ಇನ್ನೂ ಆಯಸ್ಸಿದೆ. ತಿಂಗಳುಗಟ್ಟಲೆ ಅರ್ಧ ಚಾರ್ಜಿನಲ್ಲಿದ್ದ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿರುತ್ತದೆ, ಹಾಗಾಗಿ ಹೊಸದರಷ್ಟು ಕಸುವು ಬರಲಾರದು.

ಶ್ರೀನಿವಾಸಪುರದ ಬೆಳೆಗಾರ:
ಚಾರ್ಜ್ ಮಾಡಿಸಿ ಒಂದು ರಾತ್ರಿ ಬಿಟ್ಟೆ. ಬೆಳಗ್ಗೆ 12.5. ತಮ್ಮನ ಟ್ರ್ಯಾಕ್ಟರಿಗೆ ಹಾಕಿ ಸೆಲ್ಫ್ ಹೊಡೆದಾಗ 10.1ಕ್ಕೆ ಇಳಿದು ಸ್ಟಾರ್ಟ್ ಆಯಿತು. ಅವನ ಬ್ಯಾಟರಿ ನಿಜಕ್ಕೂ ಹೋಗಿತ್ತು, ಹೊಸದು ತರಲು ಹೊರಟಿದ್ದ. ಸದ್ಯಕ್ಕೆ ಇದೇ ಅಲ್ಲಿರಲಿ ಎಂದು ಬಿಗಿ ಮಾಡಿದ್ದೇವೆ, ಅದರ ಅರ್ಥ್ ಕೇಬಲಿನ ತುದಿಯನ್ನೂ ಕೆರೆದಿದ್ದೇವೆ.